ಕಾಲಂ ಬಿಚ್ಚುವ ಮೊದಲು ವಯಲ್ ತೂಗಿ

ಪ್ರಶ್ನೆ: ನಮ್ಮ ಎಚ್‌ಪಿಎಲ್‌ಸಿಯಲ್ಲಿ (ದ್ರಾವಣದಲ್ಲಿರುವ ಪದಾರ್ಥಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಒಂದೇ ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರುವ ದ್ರಾವಣ) ಅನ್ನು ಆರು ಸಲ ಇಂಜೆಕ್ಟ್ ಮಾಡಿದರೆ ಪೀಕ್ ಏರಿಯಾದ (ಪದಾರ್ಥದ ಪ್ರಮಾಣ ತೋರಿಸುವ ಅಂಕಿ) ಆರ್‌ಎಸ್‌ಡಿ (ಏರುಪೇರಿನ ಅಳತೆ) ಶೇ 4 ದಾಟುತ್ತಿದೆ. ನಮ್ಮ ವಿಧಾನದಲ್ಲಿ ಮಿತಿ ಶೇ 2. ರಿಟೆನ್ಷನ್ ಟೈಮ್ (ಪೀಕ್ ಬರುವ ಹೊತ್ತು) ಮಾತ್ರ ಕದಲುತ್ತಿಲ್ಲ. ಹೊಸ ಕಾಲಂ (ಪದಾರ್ಥಗಳನ್ನು ಬೇರ್ಪಡಿಸುವ ಕೊಳವೆ) ಹಾಕಿದರೂ ಅದೇ ಕಥೆ. ಮೊಬೈಲ್ ಫೇಸ್ (ಕಾಲಂ ಮೂಲಕ ಹರಿಯುವ ದ್ರಾವಣ) ಫಾಸ್ಫೇಟ್ ಬಫರ್, ನೀಡಲ್ ವಾಶ್‌ಗೆ ಅಸಿಟೋನೈಟ್ರೈಲ್.
– ಓದುಗರು, ವಸಂತನರಸಾಪುರ, ತುಮಕೂರು

ಉತ್ತರ: ಕಾಲಂ ಖರ್ಚು ದಂಡವಾಯಿತು. ರಿಟೆನ್ಷನ್ ಟೈಮ್ ನಿಂತಲ್ಲೇ ನಿಂತು ಏರಿಯಾ ಮಾತ್ರ ಹೆಚ್ಚುಕಮ್ಮಿಯಾದರೆ ಮೊದಲ ಅನುಮಾನ ಆಟೋಸ್ಯಾಂಪ್ಲರ್ (ಸ್ಯಾಂಪಲ್ ಸೀಸೆಯಿಂದ, ಅಂದರೆ ವಯಲ್‌ನಿಂದ, ನೀಡಲ್ ಮೂಲಕ ಎಳೆದು ಇಂಜೆಕ್ಟ್ ಮಾಡುವ ಭಾಗ) ಮೇಲೆ ಬರಬೇಕು.

ವಯಲ್‌ಗೆ ನೀರು ಹಾಕಿ, ಕ್ಯಾಪ್ ಸಮೇತ ಅನಲಿಟಿಕಲ್ ಬ್ಯಾಲೆನ್ಸ್‌ನಲ್ಲಿ ತೂಗಿ. 50 ಮೈಕ್ರೋಲೀಟರ್‌ನ ಒಂದೊಂದು ಇಂಜೆಕ್ಷನ್ ಆದ ಮೇಲೂ ಮತ್ತೆ ತೂಗಿ. ಪ್ರತಿ ಸಲ ಸುಮಾರು 50 ಮಿಲಿಗ್ರಾಂ ಇಳಿಯಬೇಕು. (ಕೆಲವು ಯಂತ್ರಗಳು ಹೇಳಿದ್ದಕ್ಕಿಂತ ಹೆಚ್ಚೇ ಎಳೆಯುತ್ತವೆ. ಅವುಗಳಲ್ಲಿ ಅಂಕಿಗಿಂತ ಇಳಿಕೆ ಪ್ರತಿ ಸಲ ಒಂದೇ ಸಮ ಇದೆಯೇ ಎಂಬುದೇ ಮುಖ್ಯ.)

ತೂಕ ಒಂದೊಂದು ಸಲ ಒಂದೊಂದು ಥರ ಇಳಿದರೆ ತೊಂದರೆ ಎಳೆಯುವ ಕಡೆ. ಸಿರಿಂಜಿನಲ್ಲಿ ಗಾಳಿಗುಳ್ಳೆ ಇದೆಯೇ ನೋಡಿ. ವಾಶ್ ದ್ರಾವಣವನ್ನು ಡೀಗ್ಯಾಸ್ ಮಾಡಿ (ಕರಗಿದ ಗಾಳಿ ತೆಗೆದು), ಅದನ್ನು ಹರಿಸಿ ಪರ್ಜ್ ಮಾಡಿ. ವಯಲನ್ನು ಕತ್ತಿನವರೆಗೆ ತುಂಬಬೇಡಿ. 2 ಮಿಲಿಯ ವಯಲ್‌ಗೆ 1.5 ಮಿಲಿ ಸಾಕು. ಸೆಪ್ಟಂ (ಕ್ಯಾಪ್ ಒಳಗಿನ ರಬ್ಬರ್ ಬಿಲ್ಲೆ) ಒಳಕ್ಕೆ ತಗ್ಗಾಗುವಷ್ಟು ಕ್ಯಾಪ್ ಬಿಗಿದರೆ ಒಳಗೆ ಗಾಳಿ ಹೋಗದೆ ನಿರ್ವಾತ ಉಂಟಾಗಿ, ನೀಡಲ್ ಪೂರ್ತಿ ಎಳೆಯುವುದಿಲ್ಲ. ಸೀಳು ಇರುವ ಸೆಪ್ಟಂ ಬಳಸಿದರೆ ಈ ಕಾಟ ತಪ್ಪುತ್ತದೆ.

ತೂಕ ಸರಿಯಾಗಿ ಇಳಿದೂ ಏರಿಯಾ ಏರುಪೇರಾದರೆ, ಎಳೆದ ಸ್ಯಾಂಪಲ್ ದಾರಿಯಲ್ಲಿ ಸೋರುತ್ತಿದೆ. ನಿಮ್ಮಲ್ಲಿ ಇದೇ ಆಗಿರುವ ಸಂಭವ ಹೆಚ್ಚು. ಫಾಸ್ಫೇಟ್‌ಗೆ ಶುದ್ಧ ಅಸಿಟೋನೈಟ್ರೈಲ್ ತಾಗಿದರೆ ಉಪ್ಪು ಹರಳುಗಟ್ಟುತ್ತದೆ. ನೀಡಲ್ ಸೀಟ್ (ನೀಡಲ್ ಕೂರುವ ಜಾಗ) ಸುತ್ತ ಬಿಳಿ ಪೊರೆ ಕಂಡರೆ ಅದೇ. ಆ ಹರಳುಗಳೇ ಇಂಜೆಕ್ಷನ್ ವಾಲ್ವ್ ಒಳಗೆ ತಿರುಗುವ ರೋಟರ್ ಸೀಲನ್ನೂ ಗೀರುತ್ತವೆ. ಪಂಪ್ ನಿಲ್ಲಿಸಿ, ಪ್ರೆಶರ್ ಸೊನ್ನೆಗೆ ಇಳಿದ ಮೇಲೆ ವಾಲ್ವ್ ಬಿಚ್ಚಿ, ಸೀಲನ್ನು ಬೆಳಕಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಒಂದು ಕಾಲುವೆಯಿಂದ ಇನ್ನೊಂದಕ್ಕೆ ಕೂದಲೆಳೆಯಂಥ ಗೀರಿದ್ದರೂ ಸೀಲ್ ಬದಲಿಸಿ. ಉಜ್ಜಿ ಸರಿಮಾಡಲು ಹೋಗಬೇಡಿ. ಸ್ಟೇಟರ್ (ಸೀಲ್ ಒತ್ತಿ ಕೂರುವ, ಕದಲದ ಭಾಗ) ಮುಖ ಒರೆಸಿಯೇ ಹೊಸದನ್ನು ಕೂರಿಸಿ. ವಾಶ್‌ಗೆ ಇನ್ನು ನೀರು, ಮೆಥನಾಲ್ ಸಮಪಾಲು ಇರಲಿ.

ಪ್ರಶ್ನೆ: ಬ್ಲ್ಯಾಂಕ್‌ನಲ್ಲೂ (ಪದಾರ್ಥ ಹಾಕದ ದ್ರಾವಣ) ಮುಖ್ಯ ಪೀಕ್ ಬರುತ್ತಿದೆ. ಕ್ಯಾರಿಓವರ್ (ಹಿಂದಿನ ಇಂಜೆಕ್ಷನ್ನಿನ ಉಳಿಕೆ) ಇರಬಹುದೇ?
– ಓದುಗರು, ಮಾಲೂರು, ಕೋಲಾರ ಜಿಲ್ಲೆ

ಉತ್ತರ: ಸಾಲಾಗಿ ಮೂರು ಬ್ಲ್ಯಾಂಕ್ ಕೊಡಿ. ಪೀಕ್ ಇಳಿಯುತ್ತಾ ಹೋದರೆ ಕ್ಯಾರಿಓವರ್: ನೀಡಲ್ ಹೊರಮೈ, ಸೀಟ್, ರೋಟರ್ ಸೀಲ್ ಇದೇ ಕ್ರಮದಲ್ಲಿ ನೋಡಿ, ವಾಶ್ ದ್ರಾವಣದಲ್ಲಿ ಆ ಪದಾರ್ಥ ಚೆನ್ನಾಗಿ ಕರಗುತ್ತದೆಯೇ ಖಚಿತಪಡಿಸಿಕೊಳ್ಳಿ. ಮೂರರಲ್ಲೂ ಒಂದೇ ಎತ್ತರವಿದ್ದರೆ ಡೈಲ್ಯೂಯೆಂಟ್ (ಕರಗಿಸಲು ಬಳಸುವ ದ್ರಾವಕ) ಅಥವಾ ವಯಲ್ಲೇ ಕೊಳೆ. ಹೊಸ ಬಾಟಲಿ ತೆರೆದು ಮತ್ತೆ ತಯಾರಿಸಿ.