ಗಾಲ್ಫ್ ಕಲಿಯೋಕೆ 14 ಕೋಲು ಬೇಕಾ?

ಪ್ರಶ್ನೆ: ಸರ್, ಮನೆ ಬಳ್ಳಾರಿ, ಕೆಲಸ ತೋರಣಗಲ್ಲಿನ ಸ್ಟೀಲ್ ಕಾರ್ಖಾನೆಯಲ್ಲಿ. ಆಫೀಸ್ ಕೆಲಸಕ್ಕೆ ಬೆಂಗಳೂರಿಗೆ ಹೋದಾಗ ಸ್ನೇಹಿತರ ಜೊತೆ ಡ್ರೈವಿಂಗ್ ರೇಂಜ್ ಅನ್ನುವ ಗಾಲ್ಫ್ ಅಭ್ಯಾಸದ ಜಾಗದಲ್ಲಿ ಚೆಂಡು ಹೊಡೆದು ಹುಚ್ಚು ಹಿಡಿದಿದೆ. ಸ್ವಂತ ಸೆಟ್ ಬೇಕು. ಒಬ್ಬರು 14 ಕೋಲಿನ ಪೂರ್ತಿ ಸೆಟ್ ತಗೋ ಅನ್ನುತ್ತಾರೆ, ಇನ್ನೊಬ್ಬರು ತಮ್ಮ ಹಳೇ ಸೆಟ್ ಕೊಡುತ್ತೇನೆ ಅನ್ನುತ್ತಾರೆ. ನನಗೆ 38 ವರ್ಷ, ಎತ್ತರ ಐದೂವರೆ ಅಡಿ. ಕ್ರಿಕೆಟ್ ಆಡಿದ ತೋಳು, ಬಲ ಇದೆ. ಸ್ಟಿಫ್ ಶಾಫ್ಟ್ (ಅಷ್ಟಾಗಿ ಬಾಗದ ಬಿರುಸಾದ ದಂಡ) ಇರುವುದು ತಗೊಳ್ಳಲಾ?

ಉತ್ತರ: ಪೂರ್ತಿ ಸೆಟ್ ಬೇಡ. 14 ಅನ್ನುವುದು ನಿಯಮ ಹಾಕಿದ ಮೇಲಿನ ಮಿತಿ. ಅದಕ್ಕಿಂತ ಜಾಸ್ತಿ ಒಯ್ಯಬಾರದು ಅಂತ ಇದೆಯೇ ಹೊರತು ಅಷ್ಟು ಇರಲೇಬೇಕು ಅಂತಲ್ಲ. ಐರನ್ ಅಂದರೆ ಲೋಹದ ಚಪ್ಪಟೆ ತಲೆಯ, ನಂಬರ್ ಹಾಕಿದ ಕೋಲು. ಪಕ್ಕಪಕ್ಕದ ನಂಬರಿನ ಎರಡು ಐರನ್‌ಗಳ ನಡುವೆ ಇರುವ ವ್ಯತ್ಯಾಸ ಸುಮಾರು ನಾಲ್ಕು ಡಿಗ್ರಿ ಓರೆ (ಚೆಂಡಿಗೆ ತಾಗುವ ಮುಖ ಹಿಂದಕ್ಕೆ ವಾಲಿರುವುದು), ಅರ್ಧ ಇಂಚು ಉದ್ದ. ಪಳಗಿದವರಿಗೆ ಇದರಿಂದ ಹತ್ತು ಗಜ ಆಚೀಚೆ ಆಗುತ್ತದೆ. ಹೊಸಬರು ಒಂದೇ 7 ಐರನ್‌ನಲ್ಲಿ ಒಮ್ಮೆ 130 ಗಜ, ಮುಂದಿನ ಸಲ 60 ಗಜ ಹೊಡೆಯುತ್ತಾರೆ. ಅಂಥವರ ಕೈಗೆ 6 ಐರನ್ ಕೊಟ್ಟರೇನು, 8 ಕೊಟ್ಟರೇನು?

ನಿಮಗೆ ಈಗ ಒಂದು ಹೈಬ್ರಿಡ್ (ದೂರದ ಹೊಡೆತಕ್ಕೆ), 7 ಮತ್ತು 9 ಐರನ್, ಪಿಚಿಂಗ್ ವೆಡ್ಜ್ (ಹತ್ತಿರದ ಎತ್ತರದ ಹೊಡೆತಕ್ಕೆ), ಸ್ಯಾಂಡ್ ವೆಡ್ಜ್ (ಮರಳಿನಿಂದ ಎತ್ತೋಕೆ), ಪಟರ್ (ಚೆಂಡನ್ನು ಕುಳಿಗೆ ಉರುಳಿಸೋಕೆ) ಸಾಕು. ಇಷ್ಟಾದರೆ ಹಗುರ ಚೀಲದಲ್ಲಿ ಹಿಡಿಯುತ್ತದೆ, ಹಂಪಿ ಎಕ್ಸ್‌ಪ್ರೆಸ್ಸಿನ ಸ್ಲೀಪರ್‌ನಲ್ಲಿ ಪಕ್ಕದವರ ಹತ್ತಿರ ಬೈಸಿಕೊಳ್ಳದೆ ಒಯ್ಯಬಹುದು. ಅತಿ ದೂರ ಹೊಡೆಯುವ ಕೋಲಾದ ಡ್ರೈವರ್ ಮೇಲೆ ಎಲ್ಲರಿಗೂ ಕಣ್ಣು, ಗೊತ್ತು. ಆದರೆ ಚೀಲದಲ್ಲಿ ಅತಿ ಉದ್ದದ ಕೋಲು ಅದೇ, ಸುಮಾರು 45 ಇಂಚು, ಪಟರ್ ಬಿಟ್ಟರೆ ಅತಿ ಕಡಿಮೆ ಓರೆ ಇರುವುದೂ ಆ ಕೋಲಿಗೇ. ಓರೆ ಕಡಿಮೆ ಆದಷ್ಟೂ ಸಣ್ಣ ತಪ್ಪಿಗೂ ಚೆಂಡು ಪಕ್ಕಕ್ಕೆ ಬಾಗುತ್ತದೆ. 7 ಐರನ್ ಸರಿಯಾಗಿ ಬೀಳತೊಡಗಿದ ಮೇಲೆ ಡ್ರೈವರ್ ತಗೊಳ್ಳಿ, ಆಗಲೂ ಹತ್ತೂವರೆ ಡಿಗ್ರಿಗಿಂತ ಕಡಿಮೆ ಇರುವುದು ಬೇಡ.

ಇನ್ನು ಆ ಹಳೇ ಸೆಟ್. ಐರನ್ ತಿರುಗಿಸಿ ಬೆನ್ನು ನೋಡಿ. ನಡುವೆ ಕೊರೆದು ಅಂಚಿಗೆ ಭಾರ ಬಿಟ್ಟಿದ್ದರೆ ಅದು ಕ್ಯಾವಿಟಿ ಬ್ಯಾಕ್. ಚೆಂಡು ನಡುಮಧ್ಯಕ್ಕೆ ತಾಗದಿದ್ದರೂ ಕೋಲಿನ ತಲೆ ಅಷ್ಟಾಗಿ ತಿರುಚುವುದಿಲ್ಲ, ಅಂಚಿನ ಭಾರ ತಡೆಯುತ್ತದೆ. ಹೊಸಬರಿಗೆ ಇದೇ ಬೇಕು. ಬೆನ್ನು ಸಪಾಟಾಗಿ, ತೆಳ್ಳಗೆ, ನೋಡಲು ಬಲು ಚೆಂದ ಇದ್ದರೆ ಅದು ಬ್ಲೇಡ್, ಕೈ ಮುಗಿದು ವಾಪಸ್ ಕೊಡಿ. ಬೇಡ ಅನ್ನೋಕೆ ಸಂಕೋಚ ಆದರೆ ಪಟರ್ ಒಂದನ್ನು ಇಸ್ಕೊಳ್ಳಿ, ಅದಕ್ಕೆ ವಯಸ್ಸಾದರೂ ಏನೂ ಕೆಡುವುದಿಲ್ಲ. ಕ್ಯಾವಿಟಿ ಬ್ಯಾಕ್ ಆಗಿದ್ದು, ಶಾಫ್ಟ್‌ನಲ್ಲಿ ತಗ್ಗು, ತುಕ್ಕು ಇಲ್ಲದಿದ್ದರೆ ಖುಷಿಯಿಂದ ತಗೊಳ್ಳಿ. ಗ್ರಿಪ್ (ಹಿಡಿಕೆಯ ರಬ್ಬರ್) ಗಟ್ಟಿಯಾಗಿ, ಕೈಯಿಂದ ಜಾರುತ್ತಿದ್ದರೆ ಅದನ್ನು ಮಾತ್ರ ಬದಲಿಸಬಹುದು.

ಸ್ಟಿಫ್ ಶಾಫ್ಟ್ ಬೇಡ. ಇಲ್ಲಿ ಲೆಕ್ಕಕ್ಕೆ ಬರುವುದು ತೋಳಿನ ಬಲ ಅಲ್ಲ, ಕೋಲಿನ ತಲೆ ಚೆಂಡಿಗೆ ಬಡಿಯುವಾಗಿನ ವೇಗ. ಆ ವೇಗ ಇಲ್ಲದವರು ಸ್ಟಿಫ್ ಹಿಡಿದರೆ ಚೆಂಡು ತಗ್ಗಾಗಿ ಹೋಗಿ ಬಲಕ್ಕೆ ವಾಲುತ್ತದೆ, ಆಮೇಲೆ ಇನ್ನೂ ಜೋರಾಗಿ ಬೀಸೋಣ ಅನಿಸುತ್ತದೆ, ಅಲ್ಲಿಂದ ಎಲ್ಲ ಹಾಳು. ಇನ್ನೂ ಸ್ವಲ್ಪ ಬಾಗುವ ರೆಗ್ಯುಲರ್ ಶಾಫ್ಟ್ ತಗೊಳ್ಳಿ. ಐರನ್‌ಗೆ ಸ್ಟೀಲ್ ಶಾಫ್ಟ್ ಸಾಕು (ನಿಮಗೆ ಬೇರೆ ಏನಾದರೂ ಹೇಳಿದರೆ ಕಾರ್ಖಾನೆಯವರು ನನ್ನನ್ನು ಬಿಟ್ಟಾರೆಯೇ!), ಹೈಬ್ರಿಡ್‌ಗೆ ಗ್ರಾಫೈಟ್. ಮಣಿಕಟ್ಟಿನಲ್ಲಿ ಹಳೇ ನೋವಿದ್ದರೆ ಮಾತ್ರ ಐರನ್‌ಗೂ ಗ್ರಾಫೈಟ್ ನೋಡಿ, ಅದು ಹಗುರ, ಅದುರುವುದೂ ಕಡಿಮೆ. ಉದ್ದದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸ್ವಲ್ಪ ಉದ್ದ ಅನಿಸಿದರೆ ಅರ್ಧ ಇಂಚು ಕೆಳಗೆ ಹಿಡಿಯಿರಿ, ಅಷ್ಟೇ.

ಕೊಳ್ಳುವುದು ಬೆಂಗಳೂರಿನಲ್ಲೇ ಒಳ್ಳೆಯದು. 1876ರಿಂದ ಗಾಲ್ಫ್ ಕ್ಲಬ್ ಇರುವ ಊರು ಅದು, ಆಡಿ ಬಿಟ್ಟವರ ಸೆಟ್‌ಗಳೂ ಸಿಗುತ್ತವೆ. ಹೊಡೆದು ನೋಡಿಯೇ ದುಡ್ಡು ಕೊಡಿ. ಆನ್‌ಲೈನ್‌ನಲ್ಲಿ ದೊಡ್ಡ ಬ್ರ್ಯಾಂಡಿನ ಹೊಸ ಸೆಟ್ ನಂಬಲಾಗದಷ್ಟು ಅಗ್ಗಕ್ಕೆ ಕಂಡರೆ ನಂಬಬೇಡಿ, ನಕಲಿ ಮಾಲು ಬೇಕಾದಷ್ಟು ಓಡಾಡುತ್ತಿದೆ.

ನಮ್ಮ ಕಡೆಯ ಎರಡು ಮಾತು. ಬೇಸಿಗೆಯಲ್ಲಿ ಸೆಟ್ಟನ್ನು ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ಬಳ್ಳಾರಿ ಬಿಸಿಲಿಗೆ ಡಿಕ್ಕಿಯೊಳಗೆ ಗ್ರಿಪ್‌ನ ರಬ್ಬರ್ ಒಣಗುತ್ತದೆ, ತಲೆಯನ್ನೂ ಶಾಫ್ಟನ್ನೂ ಹಿಡಿದಿರುವ ಅಂಟು ಸಡಿಲ ಆಗಬಹುದು. ಹಾಗೇ ಒಣಗಿ ಬಿರುಕು ಬಿಟ್ಟ ಎರೆಭೂಮಿಯ ಮೇಲೆ ಐರನ್ ಬೀಸಬೇಡಿ, ಮೊದಲು ಕೈ ಹೋಗುತ್ತದೆ, ಆಮೇಲೆ ಕೋಲು. ಒಂದು ಮ್ಯಾಟ್, ಒಂದು ಬಲೆ ತಗೊಂಡು ಮನೆ ಹಿತ್ತಲಲ್ಲೇ ಹೊಡೆಯಿರಿ. ಬಲೆ ಇಲ್ಲದಿದ್ದರೆ ಸ್ಪಂಜಿನ ಚೆಂಡು. ಹುಡುಗರು ಕ್ರಿಕೆಟ್ ಆಡುವ ಮೈದಾನದಲ್ಲಿ ನಿಜವಾದ ಚೆಂಡು ಹೊಡೆಯಲೇಬೇಡಿ, 46 ಗ್ರಾಂ ಅಂತ ಹಗುರವಾಗಿ ಕಾಣಬಹುದು, ಯಾರದ್ದಾದರೂ ತಲೆಗೆ ಬಿದ್ದರೆ ಗತಿ?

ಪ್ರಶ್ನೆ: ನಾನು ರಾಯಚೂರಿನವಳು. ಊಟ, ಬರವಣಿಗೆ ಎಲ್ಲ ಬಲಗೈಯಲ್ಲಿ, ಆದರೆ ಬ್ಯಾಟ್ ಹಿಡಿದರೆ ಎಡಗೈ ಆಟಗಾರ್ತಿ. ಯಾವ ಸೆಟ್ ತಗೊಳ್ಳಲಿ? ಲೇಡೀಸ್ ಸೆಟ್ಟೇ ಬೇಕಾ?

ಉತ್ತರ: ಎರಡೂ ಕಡೆ ನಿಂತು ಬೀಸಿ ನೋಡಿ ತಾಯಿ. ಮೈ ಸಲೀಸಾಗಿ ತಿರುಗುವ ಕಡೆ ನಿಮ್ಮದು. ಅಮೆರಿಕದ ಗಾಲ್ಫ್ ಆಟಗಾರ ಫಿಲ್ ಮಿಕಲ್ಸನ್ ಬೇರೆಲ್ಲ ಕೆಲಸಕ್ಕೂ ಬಲಗೈ ಮನುಷ್ಯ. ಚಿಕ್ಕವನಿದ್ದಾಗ ಅಪ್ಪನ ಎದುರು ನಿಂತು ಕನ್ನಡಿಯಂತೆ ಅನುಕರಿಸಿ ಎಡಕ್ಕೆ ಕಲಿತ, ಆರು ಮೇಜರ್ (ಗಾಲ್ಫಿನ ಅತಿ ದೊಡ್ಡ) ಟೂರ್ನಿ ಗೆದ್ದ. ಒಂದೇ ತೊಂದರೆ, ಎಡಗೈ ಸೆಟ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುವುದು ಕಷ್ಟ. ಲೇಡೀಸ್ ಸೆಟ್ ಅಂದರೆ ಶಾಫ್ಟ್ ಸ್ವಲ್ಪ ಗಿಡ್ಡ, ಹಗುರ, ಜಾಸ್ತಿ ಬಾಗುವಂಥದ್ದು. ನೀವು ಎತ್ತರ ಇದ್ದು ಬೀಸು ಚುರುಕಾಗಿದ್ದರೆ ಗಂಡಸರ ಸೆಟ್ಟೇ ಸರಿ ಹೋಗಬಹುದು. ಗುಲಾಬಿ ಬಣ್ಣ ನೋಡಿ ಮಾತ್ರ ತಗೋಬೇಡಿ.

ಪ್ರಶ್ನೆ: ಒಲಿಂಪಿಕ್ಸ್‌ನಲ್ಲಿ ಅದಿತಿ ಅಶೋಕ್ ಆಟ ನೋಡಿದಾಗಿನಿಂದ ನನ್ನ ಒಂಬತ್ತು ವರ್ಷದ ಮಗಳಿಗೆ ಗಾಲ್ಫ್ ಬೇಕಂತೆ. ಕೊಪ್ಪಳದಲ್ಲಿ ಸೆಟ್ ಎಲ್ಲಿಂದ ತರಲಿ? ದೊಡ್ಡವರ ಕೋಲು ಕತ್ತರಿಸಿ ಕೊಡಬಹುದಾ?

ಉತ್ತರ: ಕತ್ತರಿಸಬೇಡಿ. ಶಾಫ್ಟ್ ಗಿಡ್ಡ ಆದರೆ ಬಿರುಸಾಗುತ್ತದೆ, ತಲೆಯ ಭಾರ ಹಾಗೇ ಉಳಿಯುತ್ತದೆ, ಮಗು ಅದನ್ನು ಎಳೆದಾಡುತ್ತದೆ ಅಷ್ಟೇ. ಮಕ್ಕಳ ಸೆಟ್ ಎತ್ತರ ನೋಡಿ ತರಿಸಿ, ಡಬ್ಬಿ ಮೇಲಿನ ವಯಸ್ಸು ನೋಡಿ ಅಲ್ಲ. ಮೂರು ನಾಲ್ಕು ಕೋಲು ಸಾಕು, ಬೆಳೆದ ಹಾಗೆ ಬದಲಿಸಬೇಕಾಗುತ್ತದೆ, ಹಾಗಾಗಿ ದುಬಾರಿಯದು ಬೇಡ. ಅದಿತಿಗೆ ಬೆಂಗಳೂರಿನಲ್ಲಿ ಮೈದಾನ ಸಿಕ್ಕಿತ್ತು, ನಿಮಗೆ ಸದ್ಯಕ್ಕೆ ಪಡಸಾಲೆ ಇದೆ. ಪಟರ್ ಕೊಟ್ಟು, ಸ್ಟೀಲ್ ಲೋಟ ಅಡ್ಡ ಮಲಗಿಸಿ ಚೆಂಡು ಒಳಗೆ ಹಾಕಿಸಿ. ನಿಜವಾದ ಕುಳಿ 108 ಮಿಲಿಮೀಟರ್ ಅಗಲ, ಲೋಟ ಅದಕ್ಕಿಂತ ಸಣ್ಣದು.