ಅಪಘಾತವಾಯಿತೆಂದು ಅಮ್ಮನಿಗೆ ಹೇಳಬೇಡಿ

ಈ ಪತ್ರ ನನ್ನ ಕೈಸೇರಿ ಒಂಬತ್ತು ದಿನಗಳಾದವು. ಈ ಅಂಕಣಕ್ಕೆ ಬಂದ ಉಳಿದ ಪತ್ರಗಳಿಗೆಲ್ಲ ಉತ್ತರ ಬರೆದು ಮುಗಿಸಿದರೂ ಇದೊಂದನ್ನು ಮಡಚಿ ಒಳಗಿಡಲು ಮನಸ್ಸಾಗಲಿಲ್ಲ.

ಬರೆದವರು 27 ವರ್ಷದ ಯುವಕ. ಎತ್ತರ 163 ಸೆಂಟಿಮೀಟರ್. ಓದಿದ್ದಾರೆ, ಒಳ್ಳೆಯ ಕೆಲಸದಲ್ಲಿದ್ದಾರೆ, ಆರೋಗ್ಯವಾಗಿದ್ದಾರೆ. ಶಾಲೆಯ ದಿನಗಳಿಂದಲೂ ಎತ್ತರದ ಬಗ್ಗೆ ಕೊರಗಿತ್ತಾದರೂ, ಕಳೆದ ವರ್ಷ ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆಯಲ್ಲಿ ಗುಂಪಿನ ಚಿತ್ರ ತೆಗೆಯುವಾಗ ಯಾರೋ ಹೆಗಲ ಮೇಲೆ ಕೈಯಿಟ್ಟು, "ನೀನು ಮುಂದೆ ಬಾ, ಹಿಂದೆ ನಿಂತರೆ ಕಾಣಿಸುವುದೇ ಇಲ್ಲ" ಎಂದು ಎಲ್ಲರೆದುರು ಮುಂದಿನ ಸಾಲಿಗೆ ತಳ್ಳಿದರಂತೆ. ಅಂದು ರಾತ್ರಿ ಶುರುವಾದ ಹುಡುಕಾಟ ಈಗ ವಿದೇಶದ ಆಸ್ಪತ್ರೆಯೊಂದಕ್ಕೆ ಮುಂಗಡ ಕಟ್ಟುವವರೆಗೆ ಬಂದಿದೆ. ಮೊಣಕಾಲಿನ ಕೆಳಗೆ ಎರಡೂ ಕಾಲುಗಳ ಮೂಳೆ ಕತ್ತರಿಸಿ, ಒಳಗೆ ರಾಡು, ಹೊರಗೆ ಚೌಕಟ್ಟು ಹಾಕಿ, ಆರು ಸೆಂಟಿಮೀಟರ್ ಉದ್ದ ಮಾಡುತ್ತಾರೆ. ಮೂರು ವಾರ ಅಲ್ಲಿದ್ದು ಮನೆಗೆ ಮರಳುವುದು, ಉಳಿದಷ್ಟು ಉದ್ದವನ್ನು ಮನೆಯಲ್ಲೇ ಮಾಡಿಕೊಳ್ಳುವುದು, ಎಲ್ಲ ಮುಗಿದ ಮೇಲೆ ಚೌಕಟ್ಟು ತೆಗೆಸಲು ಮತ್ತೊಮ್ಮೆ ಹೋಗುವುದು ಎಂಬುದು ಯೋಜನೆ. ಅವರು ನನ್ನನ್ನು ಕೇಳಿರುವುದು ಒಂದೇ ಪ್ರಶ್ನೆ: "ಎತ್ತರವಾದ ಮೇಲೆ ನನಗೆ ಆತ್ಮವಿಶ್ವಾಸ ಬರುತ್ತದೆಯೇ?"

ಆ ಪ್ರಶ್ನೆಗೆ ಉತ್ತರಿಸುತ್ತೇನೆ. ಆದರೆ ನನ್ನ ನಿದ್ದೆ ಕೆಡಿಸಿದ್ದು ಆ ಪ್ರಶ್ನೆಯಲ್ಲ. ಸಹಿ ಹಾಕುವ ಮುಂಚೆ, ಹೇಳಿದರೂ ಆಯಿತು ಬಿಟ್ಟರೂ ಆಯಿತು ಎಂಬಂತೆ ನೀವು ಬರೆದ ಎರಡು ವಾಕ್ಯಗಳು. "ಅಪ್ಪ ಅಮ್ಮನಿಗೆ ಹೇಳಿಲ್ಲ, ಅಕ್ಕನಿಗೆ ಮಾತ್ರ ಗೊತ್ತು. ವಾಪಸ್ ಬಂದಾಗ ಅಲ್ಲಿ ಅಪಘಾತವಾಗಿ ಎರಡೂ ಕಾಲು ಮುರಿದವು ಎಂದು ಹೇಳಿದರಾಯಿತು ಎಂದು ಅಕ್ಕನೇ ಸೂಚಿಸಿದ್ದಾಳೆ."

ಈ ಎರಡು ವಾಕ್ಯಗಳನ್ನು ಓದಿದಾಗ ನನಗೆ ನೆನಪಾದದ್ದು ನನ್ನ ತಮ್ಮನ ಕಾಲು. ಅವನಿಗೆ ಆಗಿದ್ದು ನಿಜವಾದ ಅಪಘಾತ. ಮುರಿದ ಮೂಳೆಗೆ ಸೋಂಕು ತಗುಲಿ, ಕೆಟ್ಟ ಭಾಗವನ್ನು ತೆಗೆದು, ಆದ ಅಂತರವನ್ನು ತುಂಬಲು ಕಾಲಿನ ಸುತ್ತ ಹೊರಗಿನಿಂದ ಕೂರಿಸುವ ಇಲಿಜರೋವ್ ಎಂಬ ಲೋಹದ ರಿಂಗುಗಳನ್ನು ಹಾಕಿದ್ದರು. ಒಂದೇ ಕಾಲು. ಎಂಟು ತಿಂಗಳು. ಮಾಂಸ ಮತ್ತು ಮೂಳೆಯನ್ನು ಹಾದು ಆಚೆ ಬರುವ ತಂತಿಗಳ ಬುಡವನ್ನು ಪ್ರತಿದಿನ ಉಪ್ಪುನೀರಿನಲ್ಲಿ ಅದ್ದಿದ ಗಾಜ್ ಬಟ್ಟೆಯಿಂದ ಒರೆಸುತ್ತಿದ್ದವಳು ನಾನು. ಯಾವ ತಂತಿಯ ಸುತ್ತ ಕೆಂಪಾಗಿದೆ, ಯಾವುದರಿಂದ ನೀರು ಜಿನುಗುತ್ತಿದೆ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಆರಕ್ಕೆ, ಮಲಗುವ ಮುನ್ನ, ಹೀಗೆ ನಾಲ್ಕು ಸಲ ಸಣ್ಣ ಸ್ಪ್ಯಾನರಿನಿಂದ ನಟ್ಟುಗಳನ್ನು ಒಂದು ಸುತ್ತಿನ ನಾಲ್ಕನೇ ಒಂದು ಭಾಗದಷ್ಟು ತಿರುಗಿಸಬೇಕು. ಆ ನಟ್ಟುಗಳಿರುವ ಕಡ್ಡಿಯ ತಿರುಪು ಒಂದು ಪೂರ್ತಿ ಸುತ್ತಿಗೆ ಒಂದು ಮಿಲಿಮೀಟರ್ ಸರಿಯುವಂತಿರುತ್ತದೆ. ಕಾಲು ಸುತ್ತಿಗೆ ಕಾಲು ಮಿಲಿಮೀಟರ್. ಅವನ ಪ್ಯಾಂಟುಗಳ ಹೊಲಿಗೆಯನ್ನು ಪಕ್ಕದಿಂದ ಬಿಚ್ಚಿ ದಾರದಲ್ಲಿ ಕಟ್ಟುವಂತೆ ಮಾಡಿಕೊಟ್ಟವಳು ನಮ್ಮ ಅಮ್ಮ. ರಾತ್ರಿ ಮಗ್ಗುಲು ಬದಲಿಸಲಾಗದೆ ಅವನು ಎದ್ದು ಕೂರುತ್ತಿದ್ದಾಗ ಅಮ್ಮನೂ ಎದ್ದು ಕೂರುತ್ತಿದ್ದಳು. ಆ ಎಂಟು ತಿಂಗಳಲ್ಲಿ ನಮ್ಮನ್ನು ಉಳಿಸಿದ ಒಂದೇ ಸಂಗತಿಯೆಂದರೆ, ಮನೆಯಲ್ಲಿದ್ದ ಪ್ರತಿಯೊಬ್ಬರಿಗೂ ಆ ಕಾಲಿಗೆ ಏನಾಗಿದೆ ಎಂಬುದು ಸರಿಯಾಗಿ ತಿಳಿದಿತ್ತು.

ನಿಮ್ಮ ಮನೆಯಲ್ಲಿ ಅದು ತಿಳಿದಿರುವುದಿಲ್ಲ, ಅದೂ ಎರಡೂ ಕಾಲುಗಳ ವಿಷಯ. ಸ್ವಲ್ಪ ಲೆಕ್ಕ ಹಾಕೋಣ. ಮೂಳೆ ಕತ್ತರಿಸಿದ ಮೇಲೆ ಸುಮಾರು ಒಂದು ವಾರ ಸುಮ್ಮನೆ ಬಿಡುತ್ತಾರೆ. ಆಮೇಲೆ ಕತ್ತರಿಸಿದ ತುದಿಗಳನ್ನು ದಿನಕ್ಕೆ ಒಂದು ಮಿಲಿಮೀಟರಿನಂತೆ ದೂರ ಎಳೆಯುತ್ತಾರೆ, ನಡುವಿನ ಜಾಗದಲ್ಲಿ ಹೊಸ ಮೂಳೆ ತುಂಬುತ್ತದೆ. ಮೂರು ವಾರದಲ್ಲಿ ಮೊದಲ ವಾರ ಕಳೆದರೆ ಉಳಿಯುವುದು 14 ದಿನ, ಅಂದರೆ 14 ಮಿಲಿಮೀಟರ್. ನೀವು ಬಯಸಿರುವುದು 60. ಉಳಿದ 46 ಮಿಲಿಮೀಟರ್ ನಿಮ್ಮ ಮನೆಯ ಮಂಚದ ಮೇಲೆ ನಡೆಯಬೇಕು. ಶಸ್ತ್ರಚಿಕಿತ್ಸೆ ವಿದೇಶದಲ್ಲಿ ಆಗುತ್ತದೆ ಎಂದು ನೀವು ಭಾವಿಸಿದ್ದೀರಿ. ನಿಜವಾಗಿ ಅದರ ಹೆಚ್ಚಿನ ಭಾಗ, ಕಠಿಣವಾದ ಭಾಗ, ಏನೂ ತಿಳಿಯದ ನಿಮ್ಮ ತಾಯಿಯ ಕಣ್ಣೆದುರು ಆಗುತ್ತದೆ.

ಆ 46 ದಿನಗಳಲ್ಲಿ ಏನೇನು ನೋಡಿಕೊಳ್ಳಬೇಕು ಎಂಬುದನ್ನು ಆಸ್ಪತ್ರೆಯ ಪರವಾಗಿ ನಿಮ್ಮೊಡನೆ ವ್ಯವಹರಿಸುವ ಸಂಯೋಜಕರು ಹೇಳಿದ್ದಾರೆಯೇ? ಒಂದೆರಡು ವಾರಕ್ಕೊಮ್ಮೆ ಎಕ್ಸ್‌ರೇ ತೆಗೆದು ನೋಡಬೇಕು, ಏಕೆಂದರೆ ನಿಧಾನಿಸಿದರೆ ಮೂಳೆ ಅವಧಿಗೆ ಮುನ್ನವೇ ಕೂಡಿಕೊಂಡು ಎಳೆತ ನಿಲ್ಲುತ್ತದೆ, ಅವಸರಿಸಿದರೆ ನಡುವಿನ ಜಾಗದಲ್ಲಿ ಹೊಸ ಮೂಳೆ ತುಂಬುವುದಿಲ್ಲ. ಮೂಳೆ ಉದ್ದವಾಗುವಷ್ಟು ಸುಲಭವಾಗಿ ಸ್ನಾಯುಗಳೂ ನರಗಳೂ ಉದ್ದವಾಗುವುದಿಲ್ಲ. ಹಿಮ್ಮಡಿಯ ಸ್ನಾಯುರಜ್ಜು ಬಿಗಿದುಕೊಂಡು ಪಾದ ಕೆಳಮುಖವಾಗಿ ನಿಂತುಬಿಡುತ್ತದೆ, ಹಿಮ್ಮಡಿ ನೆಲ ಮುಟ್ಟುವುದಿಲ್ಲ. ಅದನ್ನು ತಡೆಯಲು ಪ್ರತಿದಿನ ಫಿಸಿಯೋಥೆರಪಿ ಬೇಕು, ತಡೆಯಲಾಗದಿದ್ದರೆ ಆ ರಜ್ಜುವಿಗೂ ಶಸ್ತ್ರಚಿಕಿತ್ಸೆ ಬೇಕಾದೀತು. ಪಾದದ ಮೇಲ್ಭಾಗ ಜೋಮು ಹಿಡಿದರೆ, ಹೆಬ್ಬೆರಳನ್ನು ಮೇಲೆತ್ತಲಾಗದಿದ್ದರೆ, ನರ ಎಳೆತ ತಾಳುತ್ತಿಲ್ಲವೆಂದು ಅರ್ಥ. ಕೂಡಲೇ ವೈದ್ಯರಿಗೆ ತಿಳಿಸಿ ಎಳೆತವನ್ನು ನಿಧಾನಿಸಬೇಕು, ಇಲ್ಲವೇ ನಿಲ್ಲಿಸಬೇಕು. ಮೀನಖಂಡ ಊದಿಕೊಂಡರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿರಬಹುದು; ಇದ್ದಕ್ಕಿದ್ದಂತೆ ಎದೆನೋವು ಅಥವಾ ಉಸಿರಾಟದ ತೊಂದರೆ ಕಂಡರೆ ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಿರುವ ಲಕ್ಷಣವಿರಬಹುದು. ಆಗ ಒಂದು ಗಂಟೆಯೂ ಕಾಯುವಂತಿಲ್ಲ. ಶಸ್ತ್ರಚಿಕಿತ್ಸೆಯಾದ ಮೂರೇ ವಾರಕ್ಕೆ ದೀರ್ಘ ವಿಮಾನ ಪ್ರಯಾಣ ಮಾಡುವವರಿಗೆ ಈ ಅಪಾಯ ಇನ್ನೂ ಹೆಚ್ಚು.

ಈಗ ಅಪಘಾತದ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮಧ್ಯರಾತ್ರಿ ನೋವು ತಾಳಲಾರದೆ ನೀವು ನರಳಿದಾಗ ನಿಮ್ಮ ತಂದೆ ಹತ್ತಿರದ ವೈದ್ಯರನ್ನು ಕರೆಯುತ್ತಾರೆ, "ಅಪಘಾತವಾಗಿತ್ತು" ಎನ್ನುತ್ತಾರೆ. ಆ ವೈದ್ಯರು ಮುರಿದ ಕಾಲಿಗೆ ಕೊಡುವ ಚಿಕಿತ್ಸೆಯನ್ನೇ ಕೊಡುತ್ತಾರೆ. ಉರಿಯೂತ ತಗ್ಗಿಸುವ ಸಾಮಾನ್ಯ ನೋವಿನ ಮಾತ್ರೆಗಳು ಹೊಸ ಮೂಳೆ ಬೆಳೆಯುವುದಕ್ಕೆ ಅಡ್ಡಿಯಾಗಬಹುದೆಂದು ಈ ಶಸ್ತ್ರಚಿಕಿತ್ಸೆ ಮಾಡುವ ಅನೇಕರು ಅವುಗಳನ್ನು ದೂರವಿಡುತ್ತಾರೆ. ಅದು ಆ ವೈದ್ಯರಿಗೆ ಹೊಳೆಯುವುದು ಹೇಗೆ? ಜೋಮು ಹಿಡಿದರೆ ನಟ್ಟು ತಿರುಗಿಸುವುದನ್ನು ನಿಲ್ಲಿಸಿ ಎಂದು ಹೇಳಬೇಕಾದವರಿಗೆ, ನೀವು ಬಾಗಿಲು ಹಾಕಿಕೊಂಡು ದಿನಕ್ಕೆ ನಾಲ್ಕು ಸಲ ನಟ್ಟು ತಿರುಗಿಸುತ್ತಿದ್ದೀರಿ ಎಂಬುದೇ ತಿಳಿದಿರುವುದಿಲ್ಲ. ಹೇಳುವುದಕ್ಕೆ ಚಿಕ್ಕದಾಗಿ ಕಾಣುವ ಈ ಸುಳ್ಳು ನಿಮ್ಮ ಕಾಲನ್ನೇ ಕಸಿದುಕೊಳ್ಳಬಲ್ಲದು.

ನಿಮ್ಮನ್ನು ಗುಂಪಿನ ಮುಂದೆ ತಳ್ಳಿದ ಆ ಸಹೋದ್ಯೋಗಿಯ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಆತ ಯೋಚಿಸದೆ ಆಡಿದ ಮಾತದು, ಮರುದಿನವೇ ಮರೆತಿರುತ್ತಾನೆ. ನನಗೆ ಸಿಟ್ಟಿರುವುದು ನಿಮ್ಮ ಅಕ್ಕನ ಮೇಲೆ. ಆಕೆ ಒಳ್ಳೆಯವಳು, ಚಿಕ್ಕಂದಿನಿಂದ ನಿಮ್ಮ ಪರವಾಗಿ ನಿಂತವಳು ಎಂದು ಬರೆದಿದ್ದೀರಿ, ನಂಬುತ್ತೇನೆ. ಆದರೆ ಮೊದಲ ಹತ್ತು ದಿನ ಜೊತೆಗಿದ್ದು ಮರಳಿ ಬರುವ ಆಕೆ, ಆಮೇಲಿನ ತಿಂಗಳುಗಳ ಭಾರವನ್ನು ವಯಸ್ಸಾದ ತಾಯಿಯ ಮೇಲೆ ಹಾಕುತ್ತಿದ್ದಾಳೆ, ಅದೂ ಆ ತಾಯಿಗೆ ತಾನು ಹೊರುತ್ತಿರುವುದೇನು ಎಂದು ತಿಳಿಸದೆ. ಮಗನ ಎರಡೂ ಕಾಲು ಮುರಿದವೆಂದು ನಂಬಿ ಆ ತಾಯಿ ಅನುಭವಿಸುವ ಸಂಕಟ ನಾಟಕದ್ದಾಗಿರುವುದಿಲ್ಲ. ತಮ್ಮನ ಮೇಲಿನ ಪ್ರೀತಿಯಿಂದ ಆಕೆ ಇದಕ್ಕೆ ಒಪ್ಪಿದ್ದಾಳೆಂಬುದು ನನ್ನ ಕಣ್ಣಿಗೆ ತಪ್ಪನ್ನು ಕಡಿಮೆ ಮಾಡುವುದಿಲ್ಲ. "ನಾನು ಜೊತೆಗೆ ಬರುತ್ತೇನೆ, ಆದರೆ ಅಮ್ಮನಿಗೆ ಮೊದಲು ನೀನೇ ಹೇಳು" ಎಂದು ಆಕೆ ಹೇಳಬೇಕಿತ್ತು. ನೋಡಿಕೊಳ್ಳುವವರಿಂದ ಮುಚ್ಚಿಟ್ಟು ಮಾಡಿಸಿಕೊಳ್ಳುವ ಯಾವ ಚಿಕಿತ್ಸೆಯೂ ಇನ್ನೂ ನಿರ್ಧಾರವಾಗಿಲ್ಲ ಎಂದೇ ನಾನು ತಿಳಿಯುತ್ತೇನೆ. ಈ ಅಂಕಣದಲ್ಲಿ ಬೇರೆ ಬೇರೆ ಸಂದರ್ಭಗಳಲ್ಲಿ ಇದನ್ನು ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ.

ಇನ್ನು ನೀವು ಕೇಳಿದ ಆತ್ಮವಿಶ್ವಾಸದ ಪ್ರಶ್ನೆ. ಎತ್ತರಕ್ಕಾಗಿಯೇ ಇದನ್ನು ಮಾಡಿಸಿಕೊಂಡು ತೃಪ್ತರಾಗಿ ಬದುಕುತ್ತಿರುವವರು ಇದ್ದಾರೆ, ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ದೇಹದ ಒಂದೇ ಸಂಗತಿಯ ಮೇಲೆ ಮನಸ್ಸು ನೆಟ್ಟು, ದಿನಕ್ಕೆ ಹಲವು ಗಂಟೆ ಅದರದೇ ಚಿಂತೆಯಾಗಿ, ಕನ್ನಡಿ ಮತ್ತು ಚಿತ್ರಗಳಿಂದ ತಪ್ಪಿಸಿಕೊಳ್ಳುವ ಸ್ಥಿತಿಗೆ ವೈದ್ಯರು ದೇಹರೂಪದ ಗೀಳು ಎನ್ನುತ್ತಾರೆ; ಅದಿದ್ದವರಿಗೆ ಶಸ್ತ್ರಚಿಕಿತ್ಸೆ ಸಮಾಧಾನ ತರುವುದು ಅಪರೂಪ, ಎಷ್ಟೋ ಸಲ ಕೊರಗು ಇನ್ನೊಂದು ಅಂಗದ ಮೇಲೆ ಹೋಗಿ ಕೂರುತ್ತದೆ. ನಿಮಗೆ ಅದಿದೆಯೆಂದು ಒಂದು ಪತ್ರ ಓದಿ ನಾನು ಹೇಳಲಾರೆ. ಆದರೆ ಇದನ್ನು ಪರೀಕ್ಷಿಸದೆ ಜವಾಬ್ದಾರಿಯುಳ್ಳ ಶಸ್ತ್ರವೈದ್ಯರು ಮುಂದುವರಿಯುವುದಿಲ್ಲ. ನಿಮ್ಮ ವಿಷಯದಲ್ಲಿ ಮನೋವೈದ್ಯರ ಮಾತಿರಲಿ, ಶಸ್ತ್ರವೈದ್ಯರನ್ನೇ ನೀವು ಇನ್ನೂ ಕಂಡಿಲ್ಲ. ಫೋನಿನಲ್ಲಿ ಸಂದೇಶ ಕಳುಹಿಸುವ ಸಂಯೋಜಕರೊಬ್ಬರೇ ಎಲ್ಲಕ್ಕೂ "ಚಿಂತೆ ಬೇಡ" ಎಂದಿದ್ದಾರೆ. ಕತ್ತಿ ಹಿಡಿಯುವವರ ಮುಖವನ್ನು ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಮಾತ್ರ ನೋಡುವ ವ್ಯವಸ್ಥೆ ನನಗೆ ಒಪ್ಪಿಗೆಯಿಲ್ಲ.

ಈ ವಿಧಾನವನ್ನು ನಾನು ದೂಷಿಸುತ್ತಿದ್ದೇನೆಂದು ದಯವಿಟ್ಟು ತಿಳಿಯಬೇಡಿ. ನನ್ನ ತಮ್ಮ ಇಂದು ಕೋಲಿಲ್ಲದೆ ನಡೆಯುತ್ತಿರುವುದು ಇದರಿಂದಲೇ. ಸೈಬೀರಿಯಾದ ಕುರ್ಗಾನ್ ಎಂಬ ಊರಿನಲ್ಲಿ ಗವ್ರಿಲ್ ಇಲಿಜರೋವ್ ಎಂಬ ವೈದ್ಯರು 1950ರ ದಶಕದಲ್ಲಿ ರೂಪಿಸಿದ ಇದು, ಕೂಡದ ಮೂಳೆಯವರಿಗೆ, ಒಂದು ಕಾಲು ಗಿಡ್ಡವಾಗಿ ಕುಂಟುತ್ತಿದ್ದವರಿಗೆ ನಡಿಗೆ ಕೊಟ್ಟ ವಿದ್ಯೆ. ಎತ್ತರ ಜಿಗಿತದ ಒಲಿಂಪಿಕ್ ಚಾಂಪಿಯನ್ ವಲೇರಿ ಬ್ರೂಮೆಲ್ ಮೋಟಾರ್‌ಸೈಕಲ್ ಅಪಘಾತದಲ್ಲಿ ಕಾಲು ನುಚ್ಚಾಗಿ, ಅನೇಕ ಶಸ್ತ್ರಚಿಕಿತ್ಸೆಗಳು ಸೋತ ಮೇಲೆ ಆಸರೆ ಕಂಡದ್ದು ಅಲ್ಲಿ. ಅವರೆಲ್ಲ ನೋವು ಸಹಿಸಿದ್ದು ಸುತ್ತಲಿನವರಿಗೆ ಕಾರಣ ಗೊತ್ತಿದ್ದ ಕಾಲುಗಳಿಗಾಗಿ. ಎತ್ತರಕ್ಕಾಗಿ ಮಾತ್ರ ಇದನ್ನು ಮಾಡುವುದನ್ನು ಚೀನಾ 2006ರಲ್ಲಿ ನಿಷೇಧಿಸಿತು. ಮಾಡಿಸಿಕೊಂಡು ಕಾಲು ಹಾಳಾದವರ ದೂರುಗಳು ಅಷ್ಟಾಗಿದ್ದವು. ಒಳಗಿನ ರಾಡೇ ಉದ್ದವಾಗುವ ಹೊಸ ಸಾಧನಗಳಿವೆ, ಹೊರಚೌಕಟ್ಟಿನ ತೊಂದರೆ ಅವುಗಳಲ್ಲಿಲ್ಲ. ಆದರೆ ಎಳೆತದ ವೇಗ ಅದೇ, ಸ್ನಾಯು ನರಗಳ ಕಷ್ಟವೂ ಅದೇ.

ಎಳೆತ ಮುಗಿದ ಮೇಲೂ ಹೊಸ ಮೂಳೆ ಗಟ್ಟಿಯಾಗಲು ಸೆಂಟಿಮೀಟರಿಗೆ ಒಂದು ತಿಂಗಳು ಅಥವಾ ಹೆಚ್ಚು ಹಿಡಿಯುತ್ತದೆ. ವರ್ಷ ಎರಡು ವರ್ಷ ಕಳೆದ ಮೇಲೆ ಒಳಗಿನ ರಾಡು ತೆಗೆಸಲು ಮತ್ತೊಂದು ಶಸ್ತ್ರಚಿಕಿತ್ಸೆ. ಅಷ್ಟೂ ಕಾಲ ಅಪಘಾತದ ಕಥೆಯನ್ನು ಹೊತ್ತುಕೊಂಡಿರಬೇಕು. ಕೊನೆಗೊಂದು ದಿನ ನೀವು ಎದ್ದು ನಿಂತಾಗ ಹೆತ್ತ ತಾಯಿಯ ಕಣ್ಣು ನಿಮ್ಮ ಭುಜದ ಎತ್ತರ ಬದಲಾಗಿರುವುದನ್ನು ಗುರುತಿಸದೆ ಇರುವುದಿಲ್ಲ. ಆ ದಿನ ಆಕೆ ಏನು ಕೇಳಬಹುದು, ನೀವು ಏನು ಹೇಳಬಹುದು ಎಂಬುದನ್ನು ನಿಮ್ಮ ಪತ್ರದಲ್ಲಿ ಎಲ್ಲೂ ಯೋಚಿಸಿದಂತಿಲ್ಲ.

ಆದ್ದರಿಂದ ಹತ್ತು ಸಲಹೆಗಳನ್ನು ಕೊಡದೆ ಒಂದನ್ನೇ ಕೊಡುತ್ತೇನೆ. ಉಳಿದ ಹಣ ಕಟ್ಟುವ ಮೊದಲು ನಿಮ್ಮ ತಂದೆತಾಯಿಯ ಎದುರು ಕುಳಿತು ಈ ವಿಷಯವನ್ನು ನೀವೇ ಹೇಳಿ. "ಸಣ್ಣ ಚಿಕಿತ್ಸೆ" ಎನ್ನಬೇಡಿ, "ಎರಡೂ ಕಾಲಿನ ಮೂಳೆ ಕತ್ತರಿಸಿ ಉದ್ದ ಮಾಡಿಸಿಕೊಳ್ಳುತ್ತೇನೆ" ಎಂದೇ ಹೇಳಿ. ಅವರ ಒಪ್ಪಿಗೆ ಪಡೆಯಿರಿ ಎನ್ನುತ್ತಿಲ್ಲ. ನಿಮಗೆ 27 ವರ್ಷ, ಕಾಲು ನಿಮ್ಮದು. ಅವರು ಅಳಬಹುದು, ಕೂಗಾಡಬಹುದು, ವಾರಗಟ್ಟಲೆ ಮಾತು ಬಿಡಬಹುದು. ಹಾಗಾದರೂ ಹೇಳಿ. ಹೇಳಲು ಆಗದಿದ್ದರೆ ಮುಂಗಡ ಹೋದರೆ ಹೋಗಲಿ, ಟಿಕೆಟ್ ರದ್ದು ಮಾಡಿ.

ಹೇಳುವ ದಿನ ಹೊರಚೌಕಟ್ಟು ಹಾಕಿದ ಕಾಲಿನ ಚಿತ್ರವೊಂದನ್ನು ಜೊತೆಗಿಟ್ಟುಕೊಂಡು ತಾಯಿಯ ಕೈಗೆ ಕೊಡಿ. ಅಕ್ಕನೂ ಪಕ್ಕದಲ್ಲಿರಲಿ, ಆದರೆ ಮಾತನಾಡುವವರು ನೀವಾಗಿರಿ. ಆ ಚಿತ್ರವನ್ನು ನೋಡಿ ನಿಮ್ಮ ತಾಯಿ ಮೊದಲು ಕೇಳುವ ಪ್ರಶ್ನೆ ಯಾವುದೋ ಅದನ್ನು ನನಗೆ ಬರೆದು ಕಳುಹಿಸಿ. ಮುಂದಿನ ಮಾತನ್ನು ಅಲ್ಲಿಂದ ಆಡೋಣ.