ಐದು ಜನಕ್ಕೆ ಒಂದೇ ಪಾಸ್‌ವರ್ಡ್, ಯಾರು ತಿದ್ದಿದ್ದು?

ಪ್ರಶ್ನೆ: ನಮ್ದು ಬದಿಯಡ್ಕ ಹತ್ರ ಒಂದು ಸಣ್ಣ ಸಂಘ, ಸದಸ್ಯರ ಅಡಿಕೆ, ಕಾಳುಮೆಣಸು ತಗೊಳ್ಳುದು, ಗೊಬ್ಬರ ಕೊಡುದು, ಇಷ್ಟೇ. ಆಫೀಸಲ್ಲಿ ಐದು ಜನ, ಲೆಕ್ಕ ಬರಿಯುವ ಟ್ಯಾಲಿ ಸಾಫ್ಟ್‌ವೇರಿಗೆ ಎಲ್ಲರಿಗೂ ಒಂದೇ ಪಾಸ್‌ವರ್ಡ್, ಅದನ್ನು ಚೀಟಿಯಲ್ಲಿ ಬರ್ದು ಮಾನಿಟರಿಗೆ ಅಂಟಿಸಿ ಉಂಟು. ಮೊದಲಿನ ಅಕೌಂಟೆಂಟ್ ಗಲ್ಫಿಗೆ ಹೋದ್ರು, ಸಂಘದ ಜಿಮೇಲಿನ ಓಟಿಪಿ ಈಗ್ಲೂ ಅವರ ಮೊಬೈಲಿಗೇ ಹೋಗ್ತದೆ, ಕೇಳಿದ್ರೆ ಪಾಪ ವಾಟ್ಸಾಪಲ್ಲಿ ಕಳಿಸ್ತಾರೆ. ಮೊನ್ನೆ ಒಂದು ಖರೀದಿ ಬಿಲ್ಲಿನ ತೂಕ ಯಾರೋ ತಿದ್ದಿದ್ದು ಗೊತ್ತಾಯ್ತು. ಬೇರೆ ಬೇರೆ ಪಾಸ್‌ವರ್ಡ್ ಮಾಡುವ ಅಂದ್ರೆ "ನಮ್ಮ ಮೇಲೆ ನಂಬಿಕೆ ಇಲ್ವಾ" ಅಂತ ಹಿರಿಯರಿಗೆ ಬೇಜಾರು. ಎಂತ ಮಾಡುದು?

ಉತ್ತರ: ಮೊದಲು ಆ ಗಲ್ಫಿನ ಮೊಬೈಲು. ಅವರು ಒಳ್ಳೆಯವರೇ ಇರ್ಬಹುದು ಮಾರಾಯ್ರೆ, ಆದ್ರೆ ಆ ನಂಬರು ಬಂದಾದ ದಿನ ನಿಮ್ಮ ಜಿಮೇಲಿನ ಬೀಗದಕೈಯೂ ಹೋಯ್ತು. ಅವರು ಓಟಿಪಿ ಕಳಿಸ್ತಾ ಇರುವಾಗ್ಲೇ ಒಳಗೆ ಹೋಗಿ ಸಂಘದ್ದೇ ಸಿಮ್ಮಿನ ನಂಬರು ಹಾಕಿ, ಪಾಸ್‌ವರ್ಡ್ ಬದ್ಲಿಸಿ, ಹಳೇ ಫೋನು ಲ್ಯಾಪ್‌ಟಾಪೆಲ್ಲ ಸೈನ್ ಔಟ್ ಮಾಡಿ. ಇನ್ನು ಮುಂದೆ ಯಾರು ಕೆಲಸ ಬಿಟ್ರೂ ಆ ದಿನವೇ ಅವರ ಲಾಗಿನ್ ಬಂದ್.

ಹಿರಿಯರಿಗೆ ಹೀಗೆ ಹೇಳಿ ನೋಡಿ: ತೂಕ ತಿದ್ದಿದ್ದು ಒಬ್ರು, ಅನುಮಾನ ಬಂದಿರುದು ಐದೂ ಜನರ ಮೇಲೆ. ಅವರವರ ಹೆಸ್ರಲ್ಲಿ ಲಾಗಿನ್ ಇದ್ದಿದ್ರೆ ತಪ್ಪು ಮಾಡದವರು ಆರಾಮಾಗಿ ಇರ್ತಿದ್ರು. ಟ್ಯಾಲಿ ಪ್ರೈಮಲ್ಲಿ ಎಡಿಟ್ ಲಾಗ್ ಅಂತ ಉಂಟು, ಯಾವ ವೋಚರು (ಅಂದ್ರೆ ಒಂದೊಂದು ವ್ಯವಹಾರದ ದಾಖಲೆ) ಯಾವಾಗ ಯಾರ ಯೂಸರ್ ನೇಮಿಂದ ಬದ್ಲಾಯ್ತು ಅಂತ ಅದು ತೋರಿಸ್ತದೆ, ಆದ್ರೆ ಎಲ್ಲರೂ ಒಂದೇ ಹೆಸ್ರಲ್ಲಿ ಒಳಗೆ ಹೋದ್ರೆ ಅಲ್ಲಿ ಕಾಣುದೂ ಆ ಒಂದೇ ಹೆಸ್ರು, ಎಂತ ಪ್ರಯೋಜನ?

ಮಾಡ್ಲಿಕ್ಕೆ ಕಷ್ಟ ಇಲ್ಲ. ಆಲ್ಟ್ ಕೆ ಒತ್ತಿ, ಬಳಕೆದಾರರ ನಿಯಂತ್ರಣ ಆನ್ ಮಾಡಿ, ಪ್ರತಿಯೊಬ್ರಿಗೂ ಯೂಸರ್ ಕೊಡಿ. ಯಾರಿಗೆ ಎಷ್ಟು ಅಂದ್ರೆ ಕೆಲಸಕ್ಕೆ ಬೇಕಾದಷ್ಟೇ, ಇದು 1975ರಲ್ಲೇ ಸಾಲ್ಟ್ಜರ್ ಮತ್ತು ಶ್ರೋಡರ್ ಅಂತ ಇಬ್ರು ಕಂಪ್ಯೂಟರ್ ವಿಜ್ಞಾನಿಗಳು ಬರ್ದಿಟ್ಟ ನಿಯಮ. ತೂಕ ಬರಿಯುವವರಿಗೆ ಖರೀದಿ ವೋಚರ್ ಹಾಕ್ಲಿಕ್ಕೆ ಮಾತ್ರ, ತಿದ್ಲಿಕ್ಕೆ ಡಿಲೀಟಿಗೆ ಇಲ್ಲ. ಹಿಂದಿನ ತಾರೀಕಿನ ವೋಚರು ಎಷ್ಟು ದಿನದವರೆಗೆ ಹಾಕ್ಬಹುದು ಅಂತ್ಲೂ ಅಲ್ಲೇ ಕಟ್ಟಿ ಹಾಕ್ಬಹುದು, ಇದನ್ನು ಯಾರೂ ಉಪಯೋಗಿಸುದೇ ಇಲ್ಲ. ತೂಕ ಬರ್ದವರೇ ದುಡ್ಡೂ ಕೊಡುವ ಹಾಗೆ ಮಾತ್ರ ಇಡ್ಬೇಡಿ. ಅಧ್ಯಕ್ಷರು ಬೇಜಾರು ಮಾಡ್ಕೊಂಡ್ರೂ ಸರಿ, ಅವರಿಗೆ ರಿಪೋರ್ಟ್ ನೋಡುವ ಲಾಗಿನ್ ಸಾಕು, ದೊಡ್ಡ ಕುರ್ಚಿ ಅಂತ ಎಲ್ಲ ಅಧಿಕಾರ ಇರುವ ಅಡ್ಮಿನ್ ಲಾಗಿನ್ ಕೊಡ್ಬೇಕಂತ ಇಲ್ಲ.

ತಿಂಗ್ಳಿಗೊಮ್ಮೆ ಪಾಸ್‌ವರ್ಡ್ ಬದ್ಲಿಸಿ ಅಂತ ಯಾರಾದ್ರೂ ಹೇಳಿದ್ರೆ ತಲೆ ಆಡಿಸಿ ಬಿಟ್ಬಿಡಿ. ಹಾಗೆ ಮಾಡಿದ್ರೆ ಜನ ಹಳೇ ಪಾಸ್‌ವರ್ಡಿನ ಕೊನೆಗೇ ಒಂದು, ಎರಡು ಅಂತ ಸೇರಿಸ್ತಾ ಹೋಗ್ತಾರೆ, ಇಲ್ಲಾಂದ್ರೆ ಮತ್ತೆ ಚೀಟಿ. ಅಮೆರಿಕದಲ್ಲಿ ತಂತ್ರಜ್ಞಾನದ ಮಾನದಂಡ ಮಾಡುವ ಸರ್ಕಾರಿ ಸಂಸ್ಥೆ ನಿಸ್ಟೇ 2017ರಲ್ಲಿ, ಸೋರಿದ ಗುಮಾನಿ ಇಲ್ಲದೆ ಸುಮ್ನೆ ಬದ್ಲಿಸ್ಲಿಕ್ಕೆ ಹೇಳ್ಬೇಡಿ ಅಂದಿದೆ. ಉದ್ದದ್ದು ಇಡಿ, ಮನೆಯಲ್ಲಿ ಆಡುವ ಮಾತಿನ ನಾಲ್ಕು ಶಬ್ದ ಸೇರಿಸಿದ್ರೂ ಆಗ್ತದೆ. ಚಾ ಕುಡಿಲಿಕ್ಕೆ ಏಳುವಾಗ ವಿಂಡೋಸ್ ಕೀ ಜೊತೆ ಎಲ್ ಒತ್ತಿ ಸ್ಕ್ರೀನು ಲಾಕ್ ಮಾಡಿ ಹೋಗ್ಲಿ.

ಅಡ್ಮಿನ್ ಪಾಸ್‌ವರ್ಡ್ ಮಾತ್ರ ಕಾಗದದಲ್ಲಿ ಬರ್ದು ಲಕೋಟೆ ಅಂಟಿಸಿ, ಇಬ್ರ ಸಹಿ ಹಾಕಿಸಿ ಕಪಾಟಲ್ಲಿಡಿ. ಟ್ಯಾಲಿ ವಾಲ್ಟ್ (ಇಡೀ ಲೆಕ್ಕಕ್ಕೆ ಪಾಸ್‌ವರ್ಡಿನ ಬೀಗ ಹಾಕುವ ವ್ಯವಸ್ಥೆ) ಹಾಕಿದ್ರೆ ಅದರದ್ದೂ ಅದೇ ಲಕೋಟೆಗೆ, ಯಾಕಂದ್ರೆ ಅದು ಮರ್ತು ಹೋದ್ರೆ ಲೆಕ್ಕ ತೆಗೆದು ಕೊಡ್ಲಿಕ್ಕೆ ಟ್ಯಾಲಿಯವರಿಗೂ ಆಗುದಿಲ್ಲ.